ಅಪಧಮನಿಗೆ ಸೂಜಿ ಹಾಕದೆ ಮಿದುಳಿನ ರಕ್ತಪ್ರವಾಹವನ್ನು ಅಳೆಯುವುದು: ಗಾಮಾ ಕ್ಯಾಮೆರಾ ಇರುವ ವಿಭಾಗಗಳಿಗೊಂದು ಸಮಗ್ರ ಮಾರ್ಗದರ್ಶಿ

ಆರೋಗ್ಯವಂತ ವಯಸ್ಕರ ಮಿದುಳಿನ ಪ್ರತಿ 100 ಗ್ರಾಂ ಅಂಗಾಂಶಕ್ಕೆ ನಿಮಿಷವೊಂದಕ್ಕೆ ಸರಾಸರಿ 50 ಮಿಲಿಲೀಟರಿನಷ್ಟು ರಕ್ತ ಹರಿಯುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಈ ಅಂಗವು ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 15ರಷ್ಟನ್ನು ಪಡೆಯುತ್ತದೆ. ಪ್ರವಾಹ 20 ಮಿಲಿಲೀಟರಿಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸತೊಡಗುತ್ತವೆ. 10ರ ಆಸುಪಾಸಿಗೆ ಇಳಿದು ಅಲ್ಲಿಯೇ ನಿಂತರೆ ಸಾಯತೊಡಗುತ್ತವೆ. ಕತ್ತಿನ ರಕ್ತನಾಳ ಕಟ್ಟಿಕೊಂಡವರಿಗೆ, ಮಿದುಳಿನ ಬುಡದ ಅಪಧಮನಿಗಳು ಕ್ರಮೇಣ ಕಿರಿದಾಗುವ ಮೋಯಾಮೋಯಾ ಕಾಯಿಲೆಯ ಮಕ್ಕಳಿಗೆ, ಮಿದುಳಿಗೆ ಹೊಸ ರಕ್ತದಾರಿ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ನಿರ್ಧರಿಸಬೇಕಾದ ನರಶಸ್ತ್ರಚಿಕಿತ್ಸಕರಿಗೆ ಈ ಅಂಕಿ ಬೇಕಾಗುತ್ತದೆ.

ಬೆಳಗಾವಿಯಲ್ಲಿ ಇಂತಹ ಪರೀಕ್ಷೆಗೆ ಬರುವವರಲ್ಲಿ ಊರಿನವರಷ್ಟೇ ಇರುವುದಿಲ್ಲ. ಅಥಣಿ, ಗೋಕಾಕ, ಜಮಖಂಡಿ, ಮುಧೋಳದಿಂದ ಹಿಡಿದು ಸುಮಾರು 200 ಕಿಲೋಮೀಟರ್ ದೂರದ ವಿಜಯಪುರ, ಅದರಾಚೆಯ ಇಂಡಿ, ಸಿಂದಗಿಯವರೂ ರಾತ್ರಿ ಬಸ್ಸು ಹತ್ತಿ ಬರುತ್ತಾರೆ. ಇಲ್ಲಿನ ವಿಭಾಗಗಳಲ್ಲಿ ಕೆಲಸ ಮಾಡುವ ತಂತ್ರಜ್ಞರನ್ನೂ ಕಿರಿಯ ವೈದ್ಯರನ್ನೂ ಗಮನದಲ್ಲಿರಿಸಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಲ್ಲಿ ವಿವರಿಸಿರುವುದು ಟೆಕ್ನಿಷಿಯಮ್-99ಎಂ ಎಂಬ ವಿಕಿರಣಶೀಲ ವಸ್ತು ಮತ್ತು ಅದರ ಕಿರಣಗಳನ್ನು ಎಣಿಸುವ ಎರಡು ತಲೆಯ ಗಾಮಾ ಕ್ಯಾಮೆರಾ ಬಳಸಿ, ಅಪಧಮನಿಯಿಂದ ಒಂದು ಹನಿ ರಕ್ತವನ್ನೂ ತೆಗೆಯದೆ, ರಕ್ತಪ್ರವಾಹಕ್ಕೆ ಅಂಕಿ ಕೊಡುವ ವಿಧಾನ. ಔಷಧದ ಪ್ರಮಾಣವನ್ನು ಅಂತಿಮವಾಗಿ ನಿರ್ಧರಿಸುವವರು ಪರಮಾಣು ವೈದ್ಯಕೀಯ ತಜ್ಞರೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಚಿತ್ರವಿದ್ದರೆ ಸಾಲದೆ, ಅಂಕಿ ಏಕೆ?

ಸಾಮಾನ್ಯ ಮಿದುಳಿನ ಸ್ಪೆಕ್ಟ್ ಚಿತ್ರ (ಗಾಮಾ ಕ್ಯಾಮೆರಾ ತಲೆಯ ಸುತ್ತ ತಿರುಗಿ ತೆಗೆಯುವ ಮೂರು ಆಯಾಮದ ಚಿತ್ರ) ತೋರಿಸುವುದು ಹೋಲಿಕೆಯನ್ನು ಮಾತ್ರ. ಎಡಭಾಗ ಬಲಭಾಗಕ್ಕಿಂತ ಮಸುಕಾಗಿದ್ದರೆ ಎಡಕ್ಕೆ ರಕ್ತ ಕಡಿಮೆಯೆಂದು ಓದುತ್ತೇವೆ. ಆದರೆ ಘಟಪ್ರಭೆಯ ಎಡದಂಡೆ, ಬಲದಂಡೆ ಕಾಲುವೆಗಳೆರಡರಲ್ಲೂ ನೀರು ಸಮನಾಗಿ ಇಳಿದಿದ್ದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಕೊರತೆಯನ್ನು ಕಂಡುಹಿಡಿಯಲಾಗದು. ಅಳತೆಗೋಲನ್ನೇ ಇಳಿಸಿ ನೋಡಬೇಕು. ಮೋಯಾಮೋಯಾ ಕಾಯಿಲೆಯಲ್ಲಿ, ಎರಡೂ ಕತ್ತಿನ ನಾಳಗಳು ಕಿರಿದಾದವರಲ್ಲಿ ಆಗುವುದು ಇದೇ. ಚಿತ್ರ ನೋಡಲು ಸಮನಾಗಿ, ಅಂದವಾಗಿ ಇರುತ್ತದೆ. ಎರಡೂ ಬದಿಗಳು ಬಡವಾಗಿರುತ್ತವೆ.

ಅಂಕಿ ಪಡೆಯುವ ದಾರಿ ಹಳೆಯದು. ಒಂದು ಅಂಗವು ಹೀರಿಕೊಂಡ ವಸ್ತುವಿನ ಮೊತ್ತಕ್ಕೂ ಅದಕ್ಕೆ ಹರಿದುಬಂದ ರಕ್ತಕ್ಕೂ ಇರುವ ಲೆಕ್ಕವನ್ನು 1870ರಲ್ಲಿ ಅಡಾಲ್ಫ್ ಫಿಕ್ ಮುಂದಿಟ್ಟರು. 1940ರ ದಶಕದಲ್ಲಿ ಸೀಮರ್ ಕೆಟಿ ಮತ್ತು ಕಾರ್ಲ್ ಸ್ಮಿತ್ ಅದನ್ನು ಮನುಷ್ಯನ ಮಿದುಳಿಗೆ ಅನ್ವಯಿಸಿದರು. ರೋಗಿಗೆ ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿ, ಅಪಧಮನಿಯಿಂದಲೂ ಕತ್ತಿನ ಅಭಿಧಮನಿಯಿಂದಲೂ ಮತ್ತೆ ಮತ್ತೆ ರಕ್ತ ತೆಗೆದು ಅವರು ಲೆಕ್ಕ ಹಾಕಿದರು. ಆ ಬಳಿಕ ವಿಕಿರಣಶೀಲ ಕ್ಸೆನಾನ್-133 ಬಂತು; ಮೊದಲು ಅದನ್ನು ನೇರವಾಗಿ ಕತ್ತಿನ ಅಪಧಮನಿಗೆ ಬಿಡುತ್ತಿದ್ದರು. 1975ರಲ್ಲಿ ಒಬ್ರಿಸ್ಟ್ ಮತ್ತು ಸಂಗಡಿಗರು ಅದನ್ನು ಉಸಿರಿನ ಮೂಲಕ ಕೊಟ್ಟು, ಅಪಧಮನಿಯ ರಕ್ತದ ಬದಲಿಗೆ ಹೊರಬಿಟ್ಟ ಉಸಿರನ್ನು ಅಳೆಯುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಮೇಲ್ಪಂಕ್ತಿಯಾಗಿರುವುದು ವಿಕಿರಣಶೀಲ ಆಮ್ಲಜನಕ-15 ಇರುವ ನೀರನ್ನು ಬಳಸುವ ಪೆಟ್ ಸ್ಕ್ಯಾನ್ ಪರೀಕ್ಷೆ. ಆದರೆ ಆಮ್ಲಜನಕ-15ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, 122 ಸೆಕೆಂಡುಗಳು ಮಾತ್ರ. ಸುಮಾರು 110 ನಿಮಿಷ ಅರ್ಧಾಯುಷ್ಯದ ಫ್ಲೋರಿನ್-18 ಔಷಧವನ್ನು ಬೇರೆ ಊರಿನಿಂದ ವಾಹನದಲ್ಲಿ ತರಿಸಬಹುದು, ಇದನ್ನು ತರಿಸಲಾಗದು. ಪೆಟ್ ಕೋಣೆಯ ಪಕ್ಕದಲ್ಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರದ ಕಡೆ ಆ ಮಾತು ಅಲ್ಲಿಗೇ ಮುಗಿಯಿತು.

ಆ ಪರೀಕ್ಷೆಗೆ ವಾಡಿಕೆಯಂತೆ ಮುಂಗೈ ಅಪಧಮನಿಗೆ ಕೊಳವೆ ಹಾಕಬೇಕಾಗುತ್ತದೆ ಎಂಬುದು ಇನ್ನೊಂದು ತೊಡಕು. ನೋವು, ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುವುದು, ಅಪರೂಪಕ್ಕೆ ಕೈಗೆ ರಕ್ತ ಕಡಿಮೆಯಾಗುವುದು, ವಿಕಿರಣಶೀಲ ರಕ್ತವನ್ನು ಸಿಬ್ಬಂದಿ ಮುಟ್ಟಬೇಕಾಗುವುದು ಎಲ್ಲರಿಗೂ ಗೊತ್ತಿರುವ ಆಕ್ಷೇಪಣೆಗಳು. ನನಗೆ ಅವೆಲ್ಲಕ್ಕಿಂತ ದೊಡ್ಡದೆನಿಸುವುದು ಬೇರೊಂದು. ಮಿದುಳಿನ ರಕ್ತಪ್ರವಾಹವು ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡವನ್ನು ಅನುಸರಿಸುತ್ತದೆ. ಆ ಒತ್ತಡ ಒಂದು ಮಿಲಿಮೀಟರ್ ಪಾದರಸದಷ್ಟು ಬದಲಾದರೆ ಪ್ರವಾಹ ಸುಮಾರು ಶೇ. 3ರಷ್ಟು ಬದಲಾಗುತ್ತದೆ. ನೋವಿಗೋ ಭಯಕ್ಕೋ ಏದುಸಿರು ಬಿಡುವ ರೋಗಿಯ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ನಾಳಗಳು ಸಂಕುಚಿಸುತ್ತವೆ, ನಾವು ಅಳೆಯಲು ಹೊರಟ ಪ್ರವಾಹವೇ ಕುಗ್ಗುತ್ತದೆ. ಮೋಯಾಮೋಯಾ ಇರುವ ಮಗು ಜೋರಾಗಿ ಅತ್ತರೆ ಅದರಿಂದಲೇ ಕೈಕಾಲು ಸೋಲಬಹುದು. ಆದ್ದರಿಂದ ಸೂಜಿ ಕಡಿಮೆ ಮಾಡುವುದು ರೋಗಿಗೆ ತೋರುವ ದಯೆಯಷ್ಟೇ ಆಗದೆ, ಅಳತೆಯ ನಿಖರತೆಯ ಭಾಗವೂ ಆಗುತ್ತದೆ.

ವಿಕಿರಣವೇ ಇಲ್ಲದೆ ಎಂಆರ್‌ಐ ಯಂತ್ರದಲ್ಲಿ ಕತ್ತಿನ ರಕ್ತವನ್ನು ಕಾಂತೀಯವಾಗಿ ಗುರುತುಮಾಡಿ ಅಳೆಯುವ ವಿಧಾನವೂ ಇದೆ. ಅದು ಸೌಲಭ್ಯವಿದ್ದಲ್ಲಿ ಒಳ್ಳೆಯದೇ. ಆದರೆ ನಾಳ ತೀರ ಕಿರಿದಾಗಿ ರಕ್ತ ಸುತ್ತುದಾರಿಯಲ್ಲಿ ತಡವಾಗಿ ತಲುಪುವವರಲ್ಲಿ ಅದು ಪ್ರವಾಹವನ್ನು ಇದ್ದುದಕ್ಕಿಂತ ಕಡಿಮೆಯಾಗಿ ತೋರಿಸಬಹುದು, ಮತ್ತು ನಮಗೆ ಹೆಚ್ಚಾಗಿ ಬರುವವರು ಅಂತಹವರೇ.

ಹಂತ 1: ಔಷಧದ ಆಯ್ಕೆ ಮತ್ತು ದಿನದ ಯೋಜನೆ

ಟೆಕ್ನಿಷಿಯಮ್-99ಎಂ ಜೊತೆ ಬೆರೆಸಿ ಮಿದುಳಿಗೆ ಬಳಸುವ ಔಷಧಗಳು ಎರಡು: ಎಚ್.ಎಂ.ಪಿ.ಎ.ಒ. ಮತ್ತು ಇ.ಸಿ.ಡಿ. ಎರಡೂ ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ರಕ್ತ-ಮಿದುಳಿನ ತಡೆಯನ್ನು ದಾಟಿ ಒಳಹೋಗುತ್ತವೆ, ಅಲ್ಲಿ ರೂಪಾಂತರಗೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಮೊದಲನೆಯದರ ರೂಪಾಂತರಕ್ಕೆ ಗ್ಲುಟಥಿಯೋನ್ ಕಾರಣವೆಂದು ತಿಳಿಯಲಾಗಿದೆ. ಎರಡನೆಯದಕ್ಕೆ ಜೀವಕೋಶದ ಎಸ್ಟರೇಸ್ ಕಿಣ್ವಗಳು ಬೇಕು. ಹೀಗಾಗಿ ಪಾರ್ಶ್ವವಾಯು ಹೊಡೆದ ಕೆಲವು ದಿನಗಳ ನಂತರ, ಸತ್ತ ಭಾಗಕ್ಕೆ ರಕ್ತ ಮರಳಿ ಹರಿಯುತ್ತಿದ್ದರೂ, ಇ.ಸಿ.ಡಿ. ಅಲ್ಲಿ ನಿಲ್ಲದಿರಬಹುದು. ಅಂತಹ ರೋಗಿಯಲ್ಲಿ ಅದರ ಅಂಕಿಯನ್ನು ರಕ್ತಪ್ರವಾಹವೆಂದು ಕರೆಯಬಾರದು.

ನಮ್ಮ ಕಡೆಯ ಪರಿಸ್ಥಿತಿಗೆ ಇ.ಸಿ.ಡಿ.ಯೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ಥಿರಕಾರಕ ಸೇರಿಸದ ಎಚ್.ಎಂ.ಪಿ.ಎ.ಒ.ಅನ್ನು ಬೆರೆಸಿದ 30 ನಿಮಿಷದೊಳಗೆ ಚುಚ್ಚಬೇಕು, ಅದಕ್ಕೆ ಬಳಸುವ ಟೆಕ್ನಿಷಿಯಮ್ ಕೂಡ ಜನರೇಟರಿನಿಂದ (ಮಾಲಿಬ್ಡಿನಮ್-99 ಕ್ಷಯಿಸಿ ಟೆಕ್ನಿಷಿಯಮ್ ಹುಟ್ಟುವ ಪೆಟ್ಟಿಗೆಯಿಂದ) ಆಗಷ್ಟೇ ತೆಗೆದದ್ದಾಗಿರಬೇಕು. ಇ.ಸಿ.ಡಿ. ಬೆರೆಸಿದ ಮೇಲೆ ಸುಮಾರು 6 ಗಂಟೆ ಕಾಯುತ್ತದೆ. ಲೋಕಾಪುರದ ಹತ್ತಿರ ಬಸ್ಸು ಪಂಕ್ಚರ್ ಆಗಿ ರೋಗಿ ತಡವಾದರೆ, ಒಂದು ಔಷಧ ಚರಂಡಿ ಪಾಲು, ಇನ್ನೊಂದು ಉಳಿಯುತ್ತದೆ.

ಜನರೇಟರಿನ ಲೆಕ್ಕವನ್ನೂ ಮೊದಲೇ ನೋಡಿಕೊಳ್ಳಬೇಕು. ಮಾಲಿಬ್ಡಿನಮ್-99ರ ಅರ್ಧಾಯುಷ್ಯ 66 ಗಂಟೆ, ಟೆಕ್ನಿಷಿಯಮ್-99ಎಂನದು 6 ಗಂಟೆ. ಹೊಸ ಜನರೇಟರ್ ಬಂದ ಆರನೆಯ, ಏಳನೆಯ ದಿನಕ್ಕೆ ಈ ಪರೀಕ್ಷೆಯನ್ನು ಇಟ್ಟುಕೊಂಡರೆ ಬೇಕಾದಷ್ಟು ವಿಕಿರಣವನ್ನು ಸಣ್ಣ ಗಾತ್ರದ ದ್ರವದಲ್ಲಿ ಪಡೆಯಲು ಆಗುವುದಿಲ್ಲ. ವಯಸ್ಕರಿಗೆ ಸಾಮಾನ್ಯ ಪ್ರಮಾಣ 740 ಮೆಗಾಬೆಕ್ವೆರೆಲ್, ಅಂದರೆ 20 ಮಿಲಿಕ್ಯೂರಿ. ಅದು ಒಂದೂವರೆ ಮಿಲಿಲೀಟರಿನೊಳಗೆ ಇರಬೇಕು. ಕಾರಣ ಮೂರನೆಯ ಹಂತದಲ್ಲಿ ತಿಳಿಯುತ್ತದೆ. ಬೆರೆಸಿದ ಔಷಧದ ಶುದ್ಧತೆಯನ್ನು ಕ್ರೊಮ್ಯಾಟೊಗ್ರಫಿ ಪಟ್ಟಿಯ ಮೇಲೆ ಪರೀಕ್ಷಿಸದೆ ಸಿರಿಂಜಿಗೆ ಎಳೆಯಬಾರದು. ಇ.ಸಿ.ಡಿ. ಶೇ. 90ಕ್ಕಿಂತ, ಎಚ್.ಎಂ.ಪಿ.ಎ.ಒ. ಶೇ. 80ಕ್ಕಿಂತ ಹೆಚ್ಚು ಶುದ್ಧವಾಗಿರಬೇಕು. ಮಿಶ್ರಣ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಕಿಟ್ಟಿನ ಜೊತೆ ಬರುವ ಚೀಟಿಯಲ್ಲಿ ಓದಿಕೊಳ್ಳಿ.

ಹಂತ 2: ರೋಗಿಯ ಸಿದ್ಧತೆ

ಹೊಟ್ಟೆ ಖಾಲಿ ಇರಬೇಕಾಗಿಲ್ಲ. ದೂರದಿಂದ ಬಂದವರು ಉಪವಾಸವಿದ್ದು ಬಳಲುವುದಕ್ಕಿಂತ ರೊಟ್ಟಿಯನ್ನೋ ಉಪ್ಪಿಟ್ಟನ್ನೋ ತಿಂದು ನೀರು ಕುಡಿದು ಬರುವುದೇ ಮೇಲು. ವಿಜಯಪುರದ ಬೇಸಿಗೆಯಲ್ಲಿ ನೀರಿಲ್ಲದೆ ಪ್ರಯಾಣಿಸಿ ಬಂದವರ ರಕ್ತದೊತ್ತಡವೂ ರಕ್ತದ ಸಾಂದ್ರತೆಯೂ ಬದಲಾಗಿರುತ್ತವೆ. ಬಿಡಬೇಕಾದವು ಚಹಾ, ಕಾಫಿ, ಬೀಡಿ, ಸಿಗರೇಟು, ತಂಬಾಕು, ಗುಟ್ಕಾ, ಮದ್ಯ; ಹಿಂದಿನ ರಾತ್ರಿಯಿಂದಲೇ ಬಿಟ್ಟರೆ ಒಳ್ಳೆಯದು. ಇಲ್ಲಿ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. "ಮುಂಜಾನೆ ಚಾ ಕುಡದೀರೇನ್ರಿ?" ಎಂದರೆ "ಇಲ್ರಿ" ಎಂಬ ಉತ್ತರ ಬರುತ್ತದೆ, "ಬಸ್ ಸ್ಟ್ಯಾಂಡಿನಾಗ ಅರ್ಧ ಕಪ್ಪರ?" ಎಂದು ಮತ್ತೊಮ್ಮೆ ಕೇಳಿದಾಗ ಪಕ್ಕದಲ್ಲಿ ಕುಳಿತ ಮಗ ನಗುತ್ತಾನೆ. ತಂಬಾಕಿನದೂ ಹಾಗೆಯೇ. ದವಡೆಯಲ್ಲಿ ಇಟ್ಟುಕೊಂಡದ್ದನ್ನು ಸೇವನೆಯೆಂದು ಬಹಳ ಜನ ಎಣಿಸುವುದಿಲ್ಲ.

ಹಿಮೋಗ್ಲೋಬಿನ್ ಪ್ರಮಾಣವನ್ನು ಕಡ್ಡಾಯವಾಗಿ ಬರೆದುಕೊಳ್ಳಿ. ರಕ್ತಹೀನತೆ ಇದ್ದರೆ ಆಮ್ಲಜನಕದ ಕೊರತೆಯನ್ನು ತುಂಬಲು ಪ್ರವಾಹವೇ ಏರುತ್ತದೆ, ಆಗ ಸಹಜವೆಂದು ಕಾಣುವ ಅಂಕಿ ನಿಜಕ್ಕೂ ಸಹಜವಾಗಿರದಿರಬಹುದು. ರಕ್ತದೊತ್ತಡ, ಸೇವಿಸುತ್ತಿರುವ ಮಾತ್ರೆಗಳು, ಕೊನೆಯ ಬಾರಿ ಫಿಟ್ಸ್ ಅಥವಾ ಪಾರ್ಶ್ವವಾಯು ಆದ ದಿನಾಂಕ ಇವೂ ಬೇಕು. ಮಗು ಪಡೆಯುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಗರ್ಭವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎದೆಹಾಲು ಕುಡಿಸುತ್ತಿರುವವರು ಅದನ್ನು ಮೊದಲೇ ತಿಳಿಸಬೇಕು.

ಕ್ಯಾನುಲಾವನ್ನು ಬಲಮೊಣಕೈಯ ಒಳಮಡಿಕೆಯ ದೊಡ್ಡ ಅಭಿಧಮನಿಗೆ ಹಾಕಿ. ಎಡಗೈ ಬೇಡ. ಎಡಗೈಯಿಂದ ಬರುವ ರಕ್ತವನ್ನು ಹೃದಯಕ್ಕೆ ಒಯ್ಯುವ ಅಭಿಧಮನಿಯು ಮಹಾಪಧಮನಿಯ ಕಮಾನಿನ ಕವಲುಗಳ ಮುಂದೆ ಅಡ್ಡಲಾಗಿ ಹಾದುಹೋಗುತ್ತದೆ. ಔಷಧ ಆ ದಾರಿಯಲ್ಲಿ ಹೋದರೆ, ನಾವು ಮುಂದೆ ಗುರುತು ಹಾಕಬೇಕಾದ ಕಮಾನಿನ ಮೇಲೆಯೇ ಅದರ ನೆರಳು ಬೀಳುತ್ತದೆ. ಸೂಜಿ ಚುಚ್ಚಿದ ಮೇಲೆ ಕನಿಷ್ಠ 10 ನಿಮಿಷ ರೋಗಿಯನ್ನು ಮಂದ ಬೆಳಕಿನಲ್ಲಿ ಮಲಗಿಸಿ ಸುಮ್ಮನೆ ಬಿಡಬೇಕು. ಮಕ್ಕಳಿಗಾದರೆ ಮರಗಟ್ಟಿಸುವ ಮುಲಾಮನ್ನು ಮೊದಲೇ ಹಚ್ಚಿ, ಸೂಜಿಯ ಅಳು ಪೂರ್ತಿ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮುಂದುವರಿಯಿರಿ.

ಹಂತ 3: ಮೊದಲ ಎರಡು ನಿಮಿಷಗಳು

ಉಳಿದೆಲ್ಲ ಹಂತಗಳನ್ನು ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಿಪಡಿಸಿಕೊಳ್ಳಬಹುದು. ಈ ಎರಡು ನಿಮಿಷಗಳನ್ನು ಮತ್ತೆ ಪಡೆಯಲಾಗದು. ಅಪಧಮನಿಯ ರಕ್ತದ ಬದಲಿಗೆ ನಾವು ಇಲ್ಲಿ ಕ್ಯಾಮೆರಾದ ಕಣ್ಣಿನಿಂದಲೇ ಮಹಾಪಧಮನಿಯನ್ನು ನೋಡುತ್ತೇವೆ. ಹೃದಯದಿಂದ ಹೊರಟ ಔಷಧ ಕಮಾನಿನಲ್ಲಿ ಎಷ್ಟಿತ್ತು, ಅದೇ ವೇಳೆಗೆ ಮಿದುಳಿನಲ್ಲಿ ಎಷ್ಟು ಸೇರಿತು ಎಂಬ ಎರಡು ರೇಖೆಗಳು ಸಿಕ್ಕರೆ, ಪಟ್ಲಾಕ್ ರೇಖಾವಿಧಾನದಿಂದ ಮಿದುಳು ಔಷಧವನ್ನು ಹೀರುವ ದರ ಸಿಗುತ್ತದೆ. ಇದನ್ನು ಎಚ್.ಎಂ.ಪಿ.ಎ.ಒ.ಗೆ ಅಳವಡಿಸಿ ಜಪಾನಿನ ಮತ್ಸುದಾ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು, ಅನಂತರ ಇ.ಸಿ.ಡಿ.ಗೂ ವಿಸ್ತರಿಸಿದರು.

ರೋಗಿಯನ್ನು ಅಂಗಾತ ಮಲಗಿಸಿ, ಕ್ಯಾಮೆರಾದ ಒಂದು ತಲೆಯನ್ನು ಮುಖ ಮತ್ತು ಎದೆಯ ಮೇಲೆ, ಮುಟ್ಟದಷ್ಟು ಹತ್ತಿರಕ್ಕೆ ತನ್ನಿ. ಒಂದೇ ನೋಟದಲ್ಲಿ ಮಿದುಳೂ ಕಮಾನೂ ಎರಡೂ ಬರಬೇಕು. ಕ್ಯಾಮೆರಾದ ಗಿಡ್ಡ ಅಂಚು ದೇಹದ ಉದ್ದಕ್ಕೆ ಬರುವ ಯಂತ್ರಗಳಲ್ಲಿ, ಎತ್ತರದ ಆಳುಗಳಿಗೆ ಇದು ಇಕ್ಕಟ್ಟಾಗುತ್ತದೆ. ಆಗ ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ಬಾಗಿಸಿ. ಅಷ್ಟಾದರೂ ಸಾಲದಿದ್ದರೆ ನೆತ್ತಿಯ ತುದಿಯನ್ನು ಬಿಟ್ಟುಕೊಡಿ, ಕಮಾನನ್ನು ಬಿಡಬೇಡಿ. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಅಡ್ಡ ಏಣು ಕಮಾನಿನ ಮಟ್ಟದ ಗುರುತು. ಅಲ್ಲಿ ಒಂದು ಸಣ್ಣ ಕೋಬಾಲ್ಟ್-57 ಗುರುತು-ಮೂಲವನ್ನು ಕ್ಷಣಕಾಲ ಇಟ್ಟು, ಪರದೆಯ ಮೇಲೆ ಅದು ಕೆಳಅಂಚಿಗಿಂತ ಎರಡು ಮೂರು ಬೆರಳು ಮೇಲಿರುವಂತೆ ಹಾಸಿಗೆಯನ್ನು ಸರಿಸಿಕೊಂಡು, ಬಳಿಕ ತೆಗೆದುಬಿಡಿ. ತಲೆಗೆ ಪಟ್ಟಿ ಕಟ್ಟಿ.

ಚಿತ್ರಗಳನ್ನು 128 × 128 ಅಂಕಣಗಳಲ್ಲಿ, ಸೆಕೆಂಡಿಗೆ ಒಂದರಂತೆ, 100ರಿಂದ 120 ಸೆಕೆಂಡುಗಳವರೆಗೆ ತೆಗೆಯಬೇಕು. ಶಕ್ತಿಯ ಕಿಂಡಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್, ಎರಡೂ ಕಡೆ ಶೇ. 10. ಔಷಧ ಎದೆಯಲ್ಲಿ ಒಟ್ಟಾಗಿರುವ ಕ್ಷಣದಲ್ಲಿ ಎಣಿಕೆಯ ದರ ಬಹಳ ಏರುವುದರಿಂದ, ಹಳೆಯ ಕ್ಯಾಮೆರಾ ಇದ್ದವರು ತಮ್ಮ ಯಂತ್ರ ಎಷ್ಟು ದರದವರೆಗೆ ಎಣಿಕೆ ತಪ್ಪಿಸುವುದಿಲ್ಲ ಎಂಬುದನ್ನು ಮೊದಲೇ ಪರೀಕ್ಷಿಸಿಕೊಂಡಿರಬೇಕು.

ರೋಗಿಗೆ ಹೇಳುವ ಮಾತನ್ನು ಮೊದಲೇ ಹೇಳಿ ಮುಗಿಸಿ. "ಅಜ್ಜಾರ, ಈಗ ಕೈಯಾಗಿನ ನರಕ್ಕ ಔಷಧ ಬಿಡ್ತೀವ್ರಿ. ಕಣ್ಣ ಮುಚ್ಕೊಂಡ ಮಲಗ್ರಿ, ತಲಿ ಅಲುಗಾಡಿಸಬ್ಯಾಡ್ರಿ, ಮಾತಾಡಬ್ಯಾಡ್ರಿ, ಉಸಿರು ದಿನಾ ಆಡೂ ಹಂಗ ಆಡ್ರಿ." ಮರಾಠಿ ಮನೆಮಾತಿನವರಿಗೆ "ಡೋಕಂ ಹಲವೂ ನಕಾ" ಎಂಬಷ್ಟಾದರೂ ತಂತ್ರಜ್ಞರ ಬಾಯಲ್ಲಿರಬೇಕು. "ಉಸಿರು ಬಿಗಿಹಿಡಿಯಿರಿ" ಎಂದು ಮಾತ್ರ ಯಾರಿಗೂ ಹೇಳಬಾರದು. ಎಕ್ಸ್‌ರೇ ಕೋಣೆಯ ರೂಢಿಯಿಂದ ಕೆಲವರು ತಾವಾಗಿಯೇ ಬಿಗಿಹಿಡಿಯುತ್ತಾರೆ. ಅವರ ಹೊಟ್ಟೆಯ ಏರಿಳಿತವನ್ನು ಗಮನಿಸುತ್ತಿರಿ.

ಮೊದಲು ಕ್ಯಾಮೆರಾ ಚಾಲೂ ಮಾಡಿ, ಎರಡು ಮೂರು ಸೆಕೆಂಡು ಖಾಲಿ ಚಿತ್ರ ಬಂದ ಮೇಲೆ ಔಷಧವನ್ನು ಒಂದೇ ತಳ್ಳಿಗೆ ಬಿಟ್ಟು, ತಡಮಾಡದೆ 20 ಮಿಲಿಲೀಟರ್ ಸಲೈನನ್ನು ರಭಸವಾಗಿ ಹಿಂದೆಯೇ ನೂಕಬೇಕು. ಮೂರು ಹಾದಿಯ ಕೀಲಿಯಲ್ಲಿ ಎರಡೂ ಸಿರಿಂಜುಗಳನ್ನು ಮೊದಲೇ ಜೋಡಿಸಿಟ್ಟಿರಬೇಕು, ಔಷಧದ ಸಿರಿಂಜಿಗೆ ಟಂಗ್‌ಸ್ಟನ್ ಕವಚ ಇರಬೇಕು. ಔಷಧ ನಿಧಾನವಾಗಿ, ತುಂಡುತುಂಡಾಗಿ ಹೋದರೆ ಕಮಾನಿನ ರೇಖೆ ಚೂಪಾದ ಶಿಖರವಾಗುವ ಬದಲು ಚಪ್ಪಟೆ ದಿಬ್ಬವಾಗುತ್ತದೆ, ಅಲ್ಲಿಂದ ಬರುವ ಲೆಕ್ಕವನ್ನು ನಂಬಲಾಗದು. ಮುಗಿದ ಮೇಲೂ 5 ನಿಮಿಷ ಕೋಣೆಯಲ್ಲಿ ಯಾರೂ ಮಾತಾಡಬಾರದು. ಬಾಗಿಲಾಚೆ ಮೊಬೈಲು ಹಿಡಿದು ನಿಂತ ನೆಂಟರಿಗೂ ಇದನ್ನು ಮೊದಲೇ ತಿಳಿಸಿರಬೇಕು.

ಹಂತ 4: ಗುರುತು ಹಾಕುವುದು ಮತ್ತು ಹೀರುವ ದರ

ಚಿತ್ರಗಳನ್ನು ಒಂದೊಂದಾಗಿ ಓಡಿಸಿ ನೋಡಿ. ಮೊದಲು ಬಲಗಡೆಯ ಮಹಾಭಿಧಮನಿ, ಬಳಿಕ ಹೃದಯದ ಬಲಭಾಗ, ಶ್ವಾಸಕೋಶ, ಮತ್ತೆ ಹೃದಯದ ಎಡಭಾಗ, ಅನಂತರ ಕಮಾನು ಹೊಳೆಯುತ್ತವೆ. ಕಮಾನು ಸ್ಪಷ್ಟವಾಗಿ ಕಾಣುವ ಕೆಲವು ಚಿತ್ರಗಳನ್ನಷ್ಟೇ ಕೂಡಿಸಿ, ಅದರ ಮೇಲೆ ಚಿಕ್ಕ ವಲಯ ಎಳೆಯಿರಿ. ಮಹಾಭಿಧಮನಿಯೂ ಶ್ವಾಸಕೋಶದ ಅಪಧಮನಿಯೂ ವಲಯಕ್ಕೆ ತಾಗಬಾರದು. ತಾಗಿದೆಯೋ ಇಲ್ಲವೋ ಎಂಬುದಕ್ಕೆ ಸುಲಭ ಪರೀಕ್ಷೆಯೊಂದಿದೆ: ಕಮಾನಿನ ರೇಖೆಯಲ್ಲಿ ಮುಖ್ಯ ಶಿಖರಕ್ಕೆ ಮುಂಚೆ ಇನ್ನೊಂದು ಸಣ್ಣ ಉಬ್ಬು ಕಂಡರೆ ವಲಯದೊಳಗೆ ಅಭಿಧಮನಿ ಸೇರಿದೆ ಎಂದರ್ಥ. ಅಳಿಸಿ ಮತ್ತೆ ಎಳೆಯಬೇಕು. ಮಿದುಳಿನ ಎರಡೂ ಅರ್ಧಗೋಲಗಳಿಗೆ ಬೇರೆ ಬೇರೆ ವಲಯ ಹಾಕಿ, ತಲೆಬುಡದ ಭಾಗವನ್ನು ಹೊರಗಿಡಿ.

ಪಟ್ಲಾಕ್ ಲೆಕ್ಕದ ತಿರುಳು ಹೀಗಿದೆ. ಪ್ರತಿ ಸೆಕೆಂಡಿನಲ್ಲೂ ಮಿದುಳಿನ ಎಣಿಕೆಯನ್ನು ಅದೇ ಸೆಕೆಂಡಿನ ಕಮಾನಿನ ಎಣಿಕೆಯಿಂದ ಭಾಗಿಸಿ ಲಂಬ ಅಕ್ಷದಲ್ಲಿ ಇಡುತ್ತೇವೆ. ಅಲ್ಲಿಯವರೆಗೆ ಕಮಾನಿನಲ್ಲಿ ಸಂಚಿತವಾದ ಎಣಿಕೆಯನ್ನು ಆ ಸೆಕೆಂಡಿನ ಕಮಾನಿನ ಎಣಿಕೆಯಿಂದ ಭಾಗಿಸಿ ಅಡ್ಡ ಅಕ್ಷದಲ್ಲಿ ಇಡುತ್ತೇವೆ. ಬಿಂದುಗಳು ನೇರ ಗೆರೆಯಲ್ಲಿ ಬೀಳುವ ಆರಂಭದ ಭಾಗ, ಸಾಮಾನ್ಯವಾಗಿ ಮೊದಲ 30 ಸೆಕೆಂಡುಗಳ ಸುಮಾರಿನದು, ನಮಗೆ ಬೇಕು. ಆ ಬಳಿಕ ಔಷಧದ ಒಂದಂಶ ಮಿದುಳಿನಿಂದ ರಕ್ತಕ್ಕೆ ಹಿಂದಿರುಗತೊಡಗಿ ಗೆರೆ ಬಾಗುತ್ತದೆ. ಆ ನೇರ ಗೆರೆಯ ಇಳಿಜಾರನ್ನು ಎರಡೂ ವಲಯಗಳ ವಿಸ್ತೀರ್ಣದ ಅನುಪಾತದಿಂದ ಸರಿಹೊಂದಿಸಿದಾಗ ಮಿದುಳಿನ ಪರ್ಫ್ಯೂಷನ್ (ರಕ್ತಪೂರೈಕೆ) ಸೂಚ್ಯಂಕ ದೊರೆಯುತ್ತದೆ. ಕ್ಸೆನಾನ್-133 ಸ್ಪೆಕ್ಟ್ ಅಳತೆಗಳೊಂದಿಗೆ ಹೋಲಿಸಿ ಪಡೆದ ಸಮೀಕರಣದ ಮೂಲಕ ಅದನ್ನು ಅರ್ಧಗೋಲದ ಸರಾಸರಿ ರಕ್ತಪ್ರವಾಹಕ್ಕೆ ಪರಿವರ್ತಿಸುತ್ತಾರೆ. ಎರಡು ಔಷಧಗಳ ಸಮೀಕರಣಗಳು ಬೇರೆ ಬೇರೆ. ತಂತ್ರಾಂಶದಲ್ಲಿ ಯಾವುದನ್ನು ಆಯ್ಕೆ ಮಾಡಲಾಗಿದೆ ಎಂದು ಪ್ರತಿ ಬಾರಿಯೂ ನೋಡಿ.

ಎರಡೂ ಎಣಿಕೆಗಳು ಒಂದೇ ಕ್ಯಾಮೆರಾದಿಂದ ಬರುವುದರಿಂದ ಕೊಟ್ಟ ಔಷಧದ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸವಾದರೂ ಲೆಕ್ಕ ಕೆಡುವುದಿಲ್ಲ. ಇದು ಈ ವಿಧಾನದ ಜಾಣತನ. ಅದರ ದೌರ್ಬಲ್ಯ ಎದೆಯಲ್ಲಿದೆ. ಕಮಾನು ಎದೆಯ ಆಳದಲ್ಲಿರುವುದರಿಂದ ಅಲ್ಲಿಂದ ಹೊರಟ ಕಿರಣಗಳಲ್ಲಿ ಒಂದು ಪಾಲು ದಾರಿಯಲ್ಲೇ ತಡೆಯಲ್ಪಡುತ್ತದೆ. ದಪ್ಪ ಎದೆಯವರಲ್ಲಿ ಕಮಾನಿನ ಎಣಿಕೆ ಇನ್ನಷ್ಟು ಕಡಿಮೆಯಾಗಿ ಮಿದುಳಿನ ಪಾಲು ದೊಡ್ಡದಾಗಿ ಕಾಣುತ್ತದೆ. ಪ್ರವಾಹ ನಿಜಕ್ಕಿಂತ ಹೆಚ್ಚೆಂದು ಬರುತ್ತದೆ. ವರದಿಯಲ್ಲಿ ರೋಗಿಯ ತೂಕ ಬರೆಯುವುದು ಅದಕ್ಕಾಗಿಯೇ.

ಹಂತ 5: ಸ್ಪೆಕ್ಟ್ ಚಿತ್ರ ಮತ್ತು ಪ್ರದೇಶವಾರು ಅಂಕಿ

ಮೇಲಿನ ಹಂತ ಕೊಟ್ಟದ್ದು ಇಡೀ ಅರ್ಧಗೋಲದ ಸರಾಸರಿ. ಅದನ್ನು ಪ್ರದೇಶಗಳಿಗೆ ಹಂಚಲು ಮೂರು ಆಯಾಮದ ಚಿತ್ರ ಬೇಕು. ಇ.ಸಿ.ಡಿ. ಆದರೆ ಸುಮಾರು 45 ನಿಮಿಷ, ಎಚ್.ಎಂ.ಪಿ.ಎ.ಒ. ಆದರೆ 90 ನಿಮಿಷ ಕಾಯ್ದು, ಮೂತ್ರ ವಿಸರ್ಜನೆ ಮಾಡಿಸಿ ಮಲಗಿಸಿ. ಕ್ಯಾಮೆರಾದ ತಲೆಗಳು ಭುಜಕ್ಕೆ ತಗಲದೆ ಎಷ್ಟು ಹತ್ತಿರ ಬರಬಲ್ಲವೋ ಅಷ್ಟು ಹತ್ತಿರ ಬರಲಿ. 360 ಡಿಗ್ರಿಗೆ 120 ನೋಟಗಳು, ಒಟ್ಟು ಎಣಿಕೆ 50 ಲಕ್ಷಕ್ಕಿಂತ ಹೆಚ್ಚು ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ಕಿರಣ ತಡೆಯ ತಿದ್ದುಪಡಿಯನ್ನು ಸಿಟಿ ಇದ್ದರೆ ಅದರಿಂದ, ಇಲ್ಲದಿದ್ದರೆ ಲೆಕ್ಕದಿಂದಲೇ ತಿದ್ದುವ ಚಾಂಗ್ ವಿಧಾನದಿಂದ ಮಾಡಿ. ತಿದ್ದುಪಡಿ ಇಲ್ಲದೆ ಅಂಕಿ ಕೊಡಬಾರದು.

ಈಗ ಬರುವುದು ಲಾಸೆನ್ ತಿದ್ದುಪಡಿ. ಪ್ರವಾಹ ಹೆಚ್ಚಿದ್ದಲ್ಲಿ ಔಷಧದ ಸ್ವಲ್ಪ ಪಾಲು ಸಿಕ್ಕಿಹಾಕಿಕೊಳ್ಳುವ ಮುನ್ನವೇ ಮರಳಿ ಹೋಗುವುದರಿಂದ, ಚಿತ್ರವು ಹೆಚ್ಚಿನದನ್ನು ಕಡಿಮೆಯಾಗಿಯೂ ಕಡಿಮೆಯಿರುವುದನ್ನು ಹೆಚ್ಚಾಗಿಯೂ ತೋರಿಸುತ್ತದೆ. 1988ರಲ್ಲಿ ಲಾಸೆನ್ ಮತ್ತು ಸಂಗಡಿಗರು ಕೊಟ್ಟ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ: ಪ್ರದೇಶದ ಎಣಿಕೆಯನ್ನು ಆಧಾರ ಪ್ರದೇಶದ ಎಣಿಕೆಯಿಂದ ಭಾಗಿಸಿದ ಅನುಪಾತವನ್ನು ಒಂದು ಸ್ಥಿರಾಂಕದಿಂದ ಗುಣಿಸಿ, ಆ ಗುಣಲಬ್ಧವನ್ನು ಒಂದಕ್ಕೆ ಸ್ಥಿರಾಂಕ ಕೂಡಿಸಿ ಅನುಪಾತ ಕಳೆದ ಮೊತ್ತದಿಂದ ಭಾಗಿಸಬೇಕು. ಸ್ಥಿರಾಂಕ ಎಚ್.ಎಂ.ಪಿ.ಎ.ಒ.ಗೆ ಸಾಮಾನ್ಯವಾಗಿ 1.5, ಇ.ಸಿ.ಡಿ.ಗೆ 2.59.

ಕೈಯಾರೆ ಒಂದನ್ನು ಮಾಡಿ ನೋಡೋಣ. ಅರ್ಧಗೋಲದ ಸರಾಸರಿ 44 ಬಂದಿದೆ, ಎಡ ಮಧ್ಯ ಮಿದುಳಿನ ಅಪಧಮನಿಯ ಪ್ರದೇಶದ ಎಣಿಕೆ ಸರಾಸರಿಯ 0.7ರಷ್ಟಿದೆ ಎಂದಿಟ್ಟುಕೊಳ್ಳಿ. ನೇರವಾಗಿ ಗುಣಿಸಿದರೆ 31ರ ಸಮೀಪ ಬರುತ್ತದೆ. ಇ.ಸಿ.ಡಿ. ತಿದ್ದುಪಡಿಯಲ್ಲಿ 2.59ನ್ನು 0.7ರಿಂದ ಗುಣಿಸಿದರೆ 1.813, ಭಾಜಕ 3.59ರಿಂದ 0.7 ಕಳೆದು 2.89, ಅನುಪಾತ 0.627, ಪ್ರವಾಹ 28ರ ಹತ್ತಿರ. ಎಚ್.ಎಂ.ಪಿ.ಎ.ಒ. ಆಗಿದ್ದರೆ 1.05ನ್ನು 1.8ರಿಂದ ಭಾಗಿಸಿ 0.583, ಪ್ರವಾಹ 26ರ ಹತ್ತಿರ. ಒಂದೇ ಚಿತ್ರದ ಮೂರು ಅಂಕಿಗಳಿವು. ತಿದ್ದುಪಡಿ ಮಾಡಿದೆಯೋ ಇಲ್ಲವೋ ಎಂದು ವರದಿಯಲ್ಲಿ ಬರೆಯದಿದ್ದರೆ, ಆರು ತಿಂಗಳ ನಂತರ ಬೇರೆಡೆ ಮಾಡಿಸಿದ ಪರೀಕ್ಷೆಯೊಂದಿಗೆ ಹೋಲಿಸಿದ ವೈದ್ಯರು ರೋಗ ಹೆಚ್ಚಿತೆಂದೋ ಇಳಿಯಿತೆಂದೋ ತಪ್ಪಾಗಿ ತಿಳಿಯುತ್ತಾರೆ.

ಆಧಾರ ಪ್ರದೇಶವಾಗಿ ಕಿರುಮಿದುಳನ್ನು ಕಣ್ಣುಮುಚ್ಚಿ ಆರಿಸಿಕೊಳ್ಳುವ ರೂಢಿ ಇದೆ. ಒಂದು ಬದಿಯ ಮಿದುಳಿಗೆ ದೊಡ್ಡ ಪೆಟ್ಟಾದಾಗ ಎದುರು ಬದಿಯ ಕಿರುಮಿದುಳಿನ ಪ್ರವಾಹವೂ ಇಳಿಯುವುದುಂಟು; ಅಂತಹವರಲ್ಲಿ ಆ ಆಧಾರವೇ ಕುಸಿದಿರುತ್ತದೆ.

ಹಂತ 6: ಮೀಸಲು ಶಕ್ತಿಯ ಪರೀಕ್ಷೆ

ನಾಳ ಕಿರಿದಾದವರ ಮಿದುಳು ಕೆಳಗಿನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಪ್ರವಾಹವನ್ನು ಉಳಿಸಿಕೊಂಡಿರುತ್ತದೆ. ಇನ್ನು ಹಿಗ್ಗುವ ಅವಕಾಶ ಎಷ್ಟಿದೆಯೆಂದು ತಿಳಿಯಲು, ನಾಳಗಳನ್ನು ಹಿಗ್ಗಿಸುವ ಅಸೆಟಜೋಲಮೈಡ್ ಔಷಧ ಕೊಡುತ್ತಾರೆ. ವಯಸ್ಕರಿಗೆ 1 ಗ್ರಾಂ, ಅಭಿಧಮನಿಯ ಮೂಲಕ ನಿಧಾನವಾಗಿ ಕೊಟ್ಟು, 15ರಿಂದ 20 ನಿಮಿಷಗಳ ಬಳಿಕ ವಿಕಿರಣಶೀಲ ಔಷಧ ಬಿಡಬೇಕು. ಸಹಜ ನಾಳಗಳಲ್ಲಿ ಪ್ರವಾಹ ಶೇ. 30ರಿಂದ 60ರಷ್ಟು ಏರುತ್ತದೆ. ತುಟಿಯ ಸುತ್ತ ಜುಮ್ಮೆನ್ನುವುದು, ಮುಖ ಬಿಸಿಯಾಗುವುದು, ತಲೆನೋವು ಸಾಮಾನ್ಯ. ಮೊದಲೇ ತಿಳಿಸಿದರೆ ರೋಗಿ ಗಾಬರಿಯಾಗುವುದಿಲ್ಲ. ಇದು ಮೂತ್ರ ಹೆಚ್ಚಿಸುವ ಔಷಧವಾದ್ದರಿಂದ ಸ್ಪೆಕ್ಟ್‌ಗೆ ಮುನ್ನ ಶೌಚಾಲಯಕ್ಕೆ ಕಳಿಸುವುದನ್ನು ಮರೆತರೆ ಅರ್ಧ ಚಿತ್ರದಲ್ಲೇ ಅವರು ಎದ್ದು ಕೂರುತ್ತಾರೆ. ಸಲ್ಫಾ ಔಷಧಕ್ಕೆ ಅಲರ್ಜಿ, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ತೊಂದರೆ, ಆಗಷ್ಟೇ ಆದ ಪಾರ್ಶ್ವವಾಯು ಇದ್ದವರಿಗೆ ಕೊಡಬಾರದು. ವೈದ್ಯರು ಕೋಣೆಯಲ್ಲಿರಲೇಬೇಕು.

ವಿಶ್ರಾಂತಿಯ ಮತ್ತು ಅಸೆಟಜೋಲಮೈಡ್ ನಂತರದ ಅಂಕಿಗಳ ವ್ಯತ್ಯಾಸವನ್ನು ವಿಶ್ರಾಂತಿಯ ಅಂಕಿಯಿಂದ ಭಾಗಿಸಿದರೆ ಮೀಸಲು ಶಕ್ತಿ. ಜಪಾನಿನ ಬೈಪಾಸ್ ಅಧ್ಯಯನವು ವಿಶ್ರಾಂತಿಯ ಪ್ರವಾಹ ಸಹಜದ ಶೇ. 80ಕ್ಕಿಂತ ಕಡಿಮೆ, ಮೀಸಲು ಶೇ. 10ಕ್ಕಿಂತ ಕಡಿಮೆ ಇದ್ದವರನ್ನು ಆಯ್ದುಕೊಂಡಿತ್ತು. ಅಂಕಿಯಿಲ್ಲದ ಚಿತ್ರದಿಂದ ಈ ಗಡಿಗಳನ್ನು ಬಳಸಲಾಗದು. ಅದೇ ವೇಳೆ, ಬೇರೆ ಅಳತೆಯಾದ ಆಮ್ಲಜನಕ ಹೀರಿಕೆಯ ಆಧಾರದಲ್ಲಿ ರೋಗಿಗಳನ್ನು ಆಯ್ದ ಅಮೆರಿಕದ ಅಧ್ಯಯನ 2011ರಲ್ಲಿ ಪ್ರಕಟವಾದಾಗ, ಕತ್ತಿನ ನಾಳ ಮುಚ್ಚಿಹೋದವರಿಗೆ ಬೈಪಾಸ್‌ನಿಂದ ಲಾಭ ಕಾಣಲಿಲ್ಲ. ಆದ್ದರಿಂದ ನಮ್ಮ ಅಂಕಿಯನ್ನು ಶಸ್ತ್ರಚಿಕಿತ್ಸೆಯ ಆದೇಶವೆಂಬಂತೆ ಬರೆಯುವುದು ಸಲ್ಲದು.

ದೂರದ ಊರಿನವರಿಗೆ ಎರಡು ದಿನದ ಪರೀಕ್ಷೆ ಭಾರವಾದರೆ, ಒಂದೇ ದಿನ ಮೊದಲು ಕಡಿಮೆ ಪ್ರಮಾಣದಲ್ಲಿ ವಿಶ್ರಾಂತಿಯ ಚಿತ್ರ, ಬಳಿಕ ಕನಿಷ್ಠ ಅದರ ಎರಡು ಪಟ್ಟು ಔಷಧದಲ್ಲಿ ಎರಡನೆಯದು, ಮೊದಲನೆಯದರ ಎಣಿಕೆಯನ್ನು ಕಳೆದು ಲೆಕ್ಕ ಎಂಬ ಕ್ರಮವಿದೆ. ತಲೆಯನ್ನು ಎರಡು ಚಿತ್ರಗಳ ನಡುವೆ ಕದಲಿಸದಿದ್ದರೆ ಮಾತ್ರ ಅದು ಫಲಿಸುತ್ತದೆ. ಅಲುಗುವ ರೋಗಿಯಾದರೆ ಒಂದು ರಾತ್ರಿ ಊರಲ್ಲೇ ಉಳಿಯುವಂತೆ ಹೇಳುವುದು ಲೇಸು.

ಹಂತ 7: ವರದಿ ಮತ್ತು ಬೀಳ್ಕೊಡುಗೆ

ವರದಿಯಲ್ಲಿ ಎರಡೂ ಅರ್ಧಗೋಲಗಳ ಸರಾಸರಿ, ಮುಂಭಾಗ, ಮಧ್ಯ ಮತ್ತು ಹಿಂಭಾಗದ ಅಪಧಮನಿ ಪ್ರದೇಶಗಳ ಅಂಕಿ, ಬಳಸಿದ ಔಷಧ, ತಿದ್ದುಪಡಿಗಳು, ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ, ಚುಚ್ಚುವಾಗ ರೋಗಿ ಶಾಂತವಾಗಿದ್ದರೋ ಇಲ್ಲವೋ ಎಂಬುದು ಇರಲಿ. 37.42 ಎಂದು ಬರೆಯಬೇಡಿ. ಈ ವಿಧಾನಕ್ಕೆ ದಶಮಾಂಶದ ನಿಖರತೆ ಇಲ್ಲ, 37 ಸಾಕು. ಮಕ್ಕಳ ಮಿದುಳಿನ ಪ್ರವಾಹ ವಯಸ್ಕರದಕ್ಕಿಂತ ಸಹಜವಾಗಿಯೇ ಬಹಳ ಹೆಚ್ಚಿರುವುದರಿಂದ ದೊಡ್ಡವರ ಗಡಿಯನ್ನು ಅವರಿಗೆ ಹಚ್ಚಬಾರದು. ಮೊದಲ ಎರಡು ನಿಮಿಷಗಳ ರೇಖೆಗಳನ್ನು ವರದಿಯ ಜೊತೆ ಮುದ್ರಿಸಿ ಕೊಡುವ ರೂಢಿ ಮಾಡಿಕೊಳ್ಳಿ. ಕಮಾನಿನ ಶಿಖರ ಚೂಪಾಗಿತ್ತೋ ಚಪ್ಪಟೆಯಾಗಿತ್ತೋ ಎಂಬುದನ್ನು ಓದಬಲ್ಲ ಇನ್ನೊಬ್ಬ ತಜ್ಞರಿಗೆ, ಅಂಕಿಯನ್ನು ಎಷ್ಟು ನಂಬಬಹುದೆಂಬುದು ಅದರಿಂದಲೇ ತಿಳಿಯುತ್ತದೆ.

740 ಮೆಗಾಬೆಕ್ವೆರೆಲ್ ಇ.ಸಿ.ಡಿ.ಯಿಂದ ರೋಗಿಗೆ ಸುಮಾರು 5.7 ಮಿಲಿಸೀವರ್ಟ್, ಎಚ್.ಎಂ.ಪಿ.ಎ.ಒ.ಯಿಂದ ಸುಮಾರು 6.9 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಆ ದಿನ ಚೆನ್ನಾಗಿ ನೀರು, ಮಜ್ಜಿಗೆ ಕುಡಿದು ಆಗಾಗ ಮೂತ್ರ ಮಾಡಿದರೆ ಮೂತ್ರಕೋಶಕ್ಕೆ ಬೀಳುವ ಪಾಲು ಕಡಿಮೆಯಾಗುತ್ತದೆ. ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಆ ರಾತ್ರಿ ತೀರ ಹತ್ತಿರ ಕೂರಿಸಿಕೊಳ್ಳದಿದ್ದರೆ ಸಾಕು; ಬೇರೆ ತಟ್ಟೆ, ಬೇರೆ ಕೋಣೆ ಬೇಕಾಗಿಲ್ಲ ಎಂದು ಮನೆಯವರಿಗೆ ಬಿಡಿಸಿ ಹೇಳಿ. ಬಳಸಿದ ಸಿರಿಂಜು, ಕ್ಯಾನುಲಾ, ಹತ್ತಿಯನ್ನು ಸೀಸದ ಡಬ್ಬಿಯಲ್ಲಿ ಹತ್ತು ಅರ್ಧಾಯುಷ್ಯ, ಅಂದರೆ 60 ಗಂಟೆ ಇಟ್ಟು, ಮಾಪಕದಿಂದ ಪರೀಕ್ಷಿಸಿ, ವಿಕಿರಣ ಸುರಕ್ಷತಾ ಅಧಿಕಾರಿಯ ದಾಖಲೆ ಪುಸ್ತಕದಲ್ಲಿ ಬರೆದು, ಆ ಮೇಲೆ ಸಾಮಾನ್ಯ ವೈದ್ಯಕೀಯ ತ್ಯಾಜ್ಯಕ್ಕೆ ಸೇರಿಸಬೇಕು.